ಸೇಬಿನ ತೋಟದಿಂದ ರಿಚ್ಮಂಡಿಗೆ: ಹ್ಯಾರಿ ಬರ್ಡ್ ಇಟ್ಟ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಅಮೆರಿಕದ ವರ್ಜೀನಿಯಾ ರಾಜ್ಯದ ಒಬ್ಬ ಸೇಬು ಬೆಳೆಗಾರನ ಬಗ್ಗೆ. ಹೆಸರು ಹ್ಯಾರಿ ಫ್ಲಡ್ ಬರ್ಡ್. ಹುಟ್ಟಿದ್ದು 1887ರಲ್ಲಿ, ತೀರಿಕೊಂಡದ್ದು 1966ರಲ್ಲಿ. 1916ರಿಂದ ಸುಮಾರು ಹತ್ತು ವರ್ಷ ರಾಜ್ಯದ ಸೆನೆಟ್ ಸದಸ್ಯ, 1926ರಿಂದ 1930ರವರೆಗೆ ಗವರ್ನರ್, ಆಮೇಲೆ 1933ರಿಂದ 1965ರವರೆಗೆ ವಾಷಿಂಗ್ಟನ್ನಿನ ಸೆನೆಟ್ಟಿನಲ್ಲಿ. ಗವರ್ನರ್ ಅಂದ ಕೂಡಲೇ ನಮಗೆ ರಾಜಭವನದ ರಾಜ್ಯಪಾಲರು ನೆನಪಾಗುತ್ತಾರೆ. ಅಲ್ಲಿಯ ಗವರ್ನರ್ ಜನರಿಂದ ಆರಿಸಿ ಬಂದವನು, ನಮ್ಮ ಮುಖ್ಯಮಂತ್ರಿಯ ಕೆಲಸ ಮಾಡುವವನು. ರಾಜ್ಯದ ರಾಜಧಾನಿ ರಿಚ್ಮಂಡಿನಲ್ಲಿ ಬರ್ಡ್ ಆ ಕುರ್ಚಿಯಲ್ಲಿ ಕೂತದ್ದು ನಾಲ್ಕೇ ವರ್ಷ. ಆದರೂ ಹೆಚ್ಚುಕಡಿಮೆ ನಲವತ್ತು ವರ್ಷ ಆ ರಾಜ್ಯದಲ್ಲಿ ಆತನ ಮಾತಿಲ್ಲದೆ ಹುಲ್ಲುಕಡ್ಡಿ ಅಲ್ಲಾಡುತ್ತಿರಲಿಲ್ಲ.

ಬರ್ಡ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ರಾಜಕೀಯದಿಂದ ಶುರುಮಾಡಿ, ತೋಟವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಆತ ರಾಜ್ಯ ನಡೆಸಿದ ರೀತಿ ಪೂರ್ತಿ ತೋಟ ನಡೆಸಿದ ರೀತಿಯೇ. ಹಾಗಾಗಿ ಮೊದಲು ತೋಟಕ್ಕೆ ಹೋಗೋಣ.

ವರ್ಜೀನಿಯಾದ ವಾಯವ್ಯ ಮೂಲೆಯಲ್ಲಿ ಶೆನಂಡೋವಾ ಕಣಿವೆ ಇದೆ. ಪೂರ್ವಕ್ಕೆ ಬ್ಲೂ ರಿಡ್ಜ್ ಬೆಟ್ಟಸಾಲು, ಪಶ್ಚಿಮಕ್ಕೆ ಇನ್ನೊಂದು ಸಾಲು, ನಡುವೆ ಸುಣ್ಣಕಲ್ಲಿನ ನೆಲ. ವಿಂಚೆಸ್ಟರ್ ಅಲ್ಲಿಯ ಪೇಟೆ. ಸೇಬಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸುಮಾರು ಸಾವಿರ ಗಂಟೆ ಬೇಕು, ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಆ ಚಳಿಗೆ ಕಣಿವೆಯಲ್ಲಿ ಕೊರತೆಯಿಲ್ಲ. ತೊಂದರೆ ಬರುವುದು ವಸಂತದಲ್ಲಿ. ಹೂ ಪೂರ್ತಿ ಅರಳಿದಾಗ ಉಷ್ಣತೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಇಳಿದರೆ ನೂರರಲ್ಲಿ ಹತ್ತು ಹೂ ಸಾಯುತ್ತವೆ. ನಾಲ್ಕು ಡಿಗ್ರಿ ಕೆಳಗಿಳಿದರೆ ನೂರರಲ್ಲಿ ತೊಂಬತ್ತು ಹೋಗುತ್ತವೆ. ಒಂದು ರಾತ್ರಿ, ಎರಡು ಡಿಗ್ರಿ ವ್ಯತ್ಯಾಸ, ಇಡೀ ವರ್ಷದ ಫಸಲು. ಅದಕ್ಕೇ ಬಲ್ಲವರು ತಗ್ಗಿನಲ್ಲಿ ತೋಟ ಹಾಕುವುದಿಲ್ಲ. ತಣ್ಣನೆಯ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಿಡ ಇಳಿಜಾರಿನ ಮೇಲಿರಬೇಕು, ಕೆಳಗೆ ಆ ಗಾಳಿ ಹರಿದುಹೋಗಲು ದಾರಿ ಇರಬೇಕು.

ಆಗಿನ ತೋಟ ಇವತ್ತಿನ ಗಿಡ್ಡ ಮರಗಳ ಒತ್ತು ಸಾಲಿನದಲ್ಲ. ಬೀಜದಿಂದ ಬಂದ ಬೇರುಸಸಿಗೆ ಕಸಿ ಕಟ್ಟಿ, 40 ಅಡಿಗೆ ಒಂದರಂತೆ ನೆಡುತ್ತಿದ್ದರು. ಎಕರೆಗೆ 27 ಮರ. ಹೇಳಿಕೊಳ್ಳುವಂಥ ಫಸಲು ಬರಲು ಎಂಟರಿಂದ ಹತ್ತು ವರ್ಷ. ಅಷ್ಟು ವರ್ಷ ಉಳುಮೆ, ಸವರುವಿಕೆ, ಔಷಧಿ ಎಲ್ಲಕ್ಕೂ ಕೈಯಿಂದ ಹಾಕಬೇಕು. ಸಾಲ ಮಾಡಿ ತೋಟ ಹಾಕಿದವನ ಬಡ್ಡಿ ಆ ಹತ್ತು ವರ್ಷವೂ ಬೆಳೆಯುತ್ತಲೇ ಇರುತ್ತದೆ, ಮರ ಮಾತ್ರ ಏನೂ ಕೊಡುವುದಿಲ್ಲ. ಅಷ್ಟರ ಮೇಲೆ ಕಣಿವೆಯವರು ನೆಚ್ಚಿಕೊಂಡಿದ್ದ ಯಾರ್ಕ್ ಇಂಪೀರಿಯಲ್ ತಳಿ ವರ್ಷ ಬಿಟ್ಟು ವರ್ಷ ಕಾಯಿ ಹಿಡಿಯುವಂಥದ್ದು. ಒಂದು ವರ್ಷ ಕೊಂಬೆ ಮುರಿಯುವಷ್ಟು, ಮರುವರ್ಷ ಬರೀ ಎಲೆ. ಆ ಹಣ್ಣಿನ ಆಕಾರ ಸ್ವಲ್ಪ ಓರೆ. ಆದರೆ ಗಟ್ಟಿ ಹಣ್ಣು, ಚಳಿಗಾಲವಿಡೀ ಕೆಡದೆ ಇರುತ್ತದೆ. ದೂರದ ಮಾರುಕಟ್ಟೆಗೆ ಬೇಕಾದ ಗುಣ ಅದೇ.

ಬರ್ಡ್ ಈ ಲೆಕ್ಕ ಕಲಿತದ್ದು ತೋಟಕ್ಕಿಂತ ಮೊದಲೇ. 1903ರಲ್ಲಿ, ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು, ಅಪ್ಪನ ಒಡೆತನದಲ್ಲಿದ್ದ ವಿಂಚೆಸ್ಟರಿನ ದಿನಪತ್ರಿಕೆಯನ್ನು ವಹಿಸಿಕೊಂಡ. ಪತ್ರಿಕೆ ಮುಳುಗುವ ಹಂತದಲ್ಲಿತ್ತು. ಕಾಗದ ಕೊಡುವ ಕಂಪನಿಗೆ ಬಾಕಿಯೇ ಸುಮಾರು 2,500 ಡಾಲರ್, ಅವರು ಇನ್ನು ಉದ್ದರಿ ಇಲ್ಲ ಎಂದಿದ್ದರು. ಹುಡುಗ ಮಾಡಿಕೊಂಡ ಒಪ್ಪಂದ ಇಷ್ಟೇ: ಅಂದಂದಿನ ಕಾಗದಕ್ಕೆ ಅಂದಂದೇ ದುಡ್ಡು. ಪೇಟೆಯಲ್ಲಿ ಜಾಹೀರಾತಿನ ಬಾಕಿ ವಸೂಲು ಮಾಡಿ ತಂದರೆ ನಾಳೆಯ ಪತ್ರಿಕೆ, ಇಲ್ಲದಿದ್ದರೆ ಇಲ್ಲ. ಪತ್ರಿಕೆ ಉಳಿಯಿತು, ಹಳೆಯ ಬಾಕಿಯೂ ತೀರಿತು. ಸಾಲ ಎಂಬ ಪದವೇ ಆತನಿಗೆ ಜೀವಮಾನವಿಡೀ ಕಹಿಯಾದದ್ದು ಅಲ್ಲಿಂದ.

ತೋಟಕ್ಕೆ ಇಳಿದಾಗಲೂ ಅದೇ ದಾರಿ. 1906ರ ಹೊತ್ತಿಗೆ, ಆಗಲೇ ಕಾಯಿ ಹಿಡಿಯುತ್ತಿದ್ದ ಬೇರೆಯವರ ತೋಟಗಳನ್ನು ಗುತ್ತಿಗೆಗೆ ಹಿಡಿದ. ಹತ್ತು ವರ್ಷ ಕಾಯುವ ಗೋಜಿಲ್ಲ. ಫಸಲಿನ ಲಾಭ ಕೈಗೆ ಬಂದಮೇಲೆ ನೆಲ ಕೊಂಡ, ಹೊಸ ಗಿಡ ನೆಟ್ಟ. ತಮ್ಮ ಟಾಮ್ ಈ ವ್ಯವಹಾರದಲ್ಲಿ ಜೊತೆಗಿದ್ದ. ಇನ್ನೊಬ್ಬ ತಮ್ಮ ರಿಚರ್ಡ್ ಮುಂದೆ ಧ್ರುವಪ್ರದೇಶಗಳ ಮೇಲೆ ವಿಮಾನ ಹಾರಿಸಿ ಹೆಸರಾದ ಅಡ್ಮಿರಲ್ ಬರ್ಡ್. ಹ್ಯಾರಿ ಬರ್ಡ್ ಕೊನೆಗೆ ಜಗತ್ತಿನ ಅತಿ ದೊಡ್ಡ ಖಾಸಗಿ ಸೇಬು ಬೆಳೆಗಾರರಲ್ಲಿ ಒಬ್ಬನಾದ.

ಹಣ್ಣು ಬೆಳೆದರೆ ಮುಗಿಯಲಿಲ್ಲ, ತುಂಬುವುದೇ ಒಂದು ವಿದ್ಯೆ. ಆಗ ಸೇಬು ಹೋಗುತ್ತಿದ್ದದ್ದು ಮರದ ಪೀಪಾಯಿಯಲ್ಲಿ. 1912ರಲ್ಲಿ ಅಮೆರಿಕದ ಸಂಸತ್ತು ಸೇಬಿನ ಪೀಪಾಯಿಯ ಅಳತೆಯನ್ನೇ ಕಾನೂನು ಮಾಡಿತು: ಪಕ್ಕದ ಹಲಗೆ ಇಪ್ಪತ್ತೆಂಟೂವರೆ ಇಂಚು ಉದ್ದ, ಒಳಗೆ 7,056 ಘನ ಇಂಚು ಜಾಗ. ಸುಮಾರು ಮೂರು ಬುಷೆಲ್ ಹಣ್ಣು, ತೂಕ 60 ಕಿಲೋ ದಾಟುತ್ತದೆ. ತುಂಬುವಾಗ ಪೀಪಾಯಿಯನ್ನು ತಲೆಕೆಳಗು ಮಾಡಿ, ಮೊದಲ ಎರಡು ಸಾಲನ್ನು ತೊಟ್ಟು ಕೆಳಗಾಗಿ ಕೈಯಿಂದ ಜೋಡಿಸುತ್ತಾರೆ. ಮಾರುಕಟ್ಟೆಯಲ್ಲಿ ಮುಚ್ಚಳ ತೆಗೆದಾಗ ಕಾಣುವ ಮುಖ ಅದು. ಆಮೇಲೆ ಬುಟ್ಟಿ ಬುಟ್ಟಿಯಾಗಿ ಸುರಿಯುವುದು, ಪ್ರತಿ ಬುಟ್ಟಿಗೂ ಪೀಪಾಯಿಯನ್ನು ಹಿಡಿದು ಕುಲುಕಿ ಕೂರಿಸುವುದು. ಹಣ್ಣು ಅಂಚಿಗಿಂತ ಸ್ವಲ್ಪ ಮೇಲೆ ನಿಲ್ಲಬೇಕು. ತಿರುಪಿನ ಒತ್ತುಯಂತ್ರದಿಂದ ಮುಚ್ಚಳ ಒತ್ತಿ ಬಳೆ ಬಿಗಿಯುತ್ತಾರೆ. ಮೇಲಿನ ಸಾಲಿನ ಕೆಲವು ಹಣ್ಣು ಜಜ್ಜುತ್ತವೆ, ಅದು ಲೆಕ್ಕದಲ್ಲೇ ಇರುವ ನಷ್ಟ. ಸಡಿಲ ತುಂಬಿದರೆ ರೈಲಿನಲ್ಲಿ, ಹಡಗಿನಲ್ಲಿ ಒಂದಕ್ಕೊಂದು ಬಡಿದುಕೊಂಡು ಇಡೀ ಪೀಪಾಯಿ ಹಾಳು. ಮೇಲೆ ಕೆಳಗೆ ಒಳ್ಳೆಯ ಹಣ್ಣು, ನಡುವೆ ಕಸ ತುಂಬುವವರೂ ಇದ್ದರು. ಹಾಗಾಗಿಯೇ ದರ್ಜೆಯ ಕಾನೂನು ಬೇಕಾಯಿತು.

ಔಷಧಿಯಲ್ಲೂ ಸರ್ಕಾರದ ಕೈ ಬಂತು. ಹಣ್ಣು ಕೊರೆಯುವ ಕಾಡ್ಲಿಂಗ್ ಪತಂಗದ ಮರಿಹುಳು ಬಹುಪಾಲು ಹೂವಿನ ಕಡೆಯ ತುದಿಯಿಂದ ಒಳಗೆ ನುಗ್ಗುತ್ತದೆ. ಎಸಳು ಉದುರಿದ ಮೇಲೆ, ಆ ತುದಿಯ ಬಟ್ಟಲು ಮುಚ್ಚಿಕೊಳ್ಳುವ ಮೊದಲು ಸೀಸದ ಆರ್ಸನೇಟ್ ಅಲ್ಲಿ ಇಳಿಯಬೇಕು. ಕೆಲವೇ ದಿನಗಳ ಅವಕಾಶ ಅದು. ತಪ್ಪಿದವರು ಆಮೇಲೆ ಹತ್ತು ಸಲ ಹೊಡೆದರೂ ಅಷ್ಟು ಫಲವಿಲ್ಲ. ಆದರೂ ಹೊಡೆದರು. 1920ರ ದಶಕದ ಮಧ್ಯದಲ್ಲಿ ಬ್ರಿಟನ್ ಅಮೆರಿಕದ ಸೇಬಿನ ಮೇಲಿನ ಆರ್ಸೆನಿಕ್ ಬಗ್ಗೆ ತಕರಾರು ತೆಗೆಯಿತು, ಹಣ್ಣನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಕಳಿಸುವ ಪದ್ಧತಿ ಬಂತು.

ಈಗ ತೋಟ ಮತ್ತು ಶಾಸನಸಭೆ ನೇರವಾಗಿ ಕೈಹಿಡಿದ ಜಾಗಕ್ಕೆ ಬರೋಣ. ಕಾಫಿ ಬೆಳೆಯುವವರಿಗೆ ತುಕ್ಕುರೋಗ ಹೊಸತಲ್ಲ. ಆದರೆ ಕಾಫಿಯ ತುಕ್ಕಿಗೂ ಸೇಬಿನ ಈ ತುಕ್ಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾಫಿಯ ಎಲೆತುಕ್ಕು ಕಾಫಿಯಿಂದ ಕಾಫಿಗೇ ಹರಡುತ್ತದೆ, ಒಂದೇ ಮಳೆಗಾಲದಲ್ಲಿ ಹಲವು ಸುತ್ತು. ಸೇಬಿನ ತುಕ್ಕು ಒಂದು ಸೇಬಿನ ಮರದಿಂದ ಇನ್ನೊಂದು ಸೇಬಿಗೆ ಹರಡಲಾರದು. ಅದಕ್ಕೆ ನಡುವೆ ಕೆಂಪು ಸೀಡರ್ ಮರ ಬೇಕೇ ಬೇಕು. ಬೇಸಿಗೆಯ ಕೊನೆಗೆ ಸೇಬಿನ ಎಲೆಯ ತಳದಿಂದ ಹಾರಿದ ಬೀಜಕಗಳು ಸೀಡರ್ ಮೇಲೆ ಕೂರುತ್ತವೆ. ಅಲ್ಲಿ ಕಂದುಬಣ್ಣದ ಗಂಟು ಬೆಳೆಯುತ್ತದೆ, ಬಲಿಯಲು ಹದಿನೆಂಟು ತಿಂಗಳ ಮೇಲೆ ಹಿಡಿಯುತ್ತದೆ. ಎರಡನೆಯ ವಸಂತದ ಮಳೆಗೆ ಆ ಗಂಟಿನಿಂದ ಕಿತ್ತಳೆ ಬಣ್ಣದ, ಲೋಳೆಯಂಥ ಕೊಂಬುಗಳು ಹೊರಬರುತ್ತವೆ. ದೂರದಿಂದ ನೋಡಿದರೆ ಮರಕ್ಕೆ ಯಾವುದೋ ವಿಚಿತ್ರ ಹೂ ಬಿಟ್ಟ ಹಾಗೆ. ಅಲ್ಲಿಂದ ಗಾಳಿಗೆ ಹಾರಿದ್ದು ಸೇಬಿನ ಎಳೆ ಎಲೆಯ ಮೇಲೆ ಬಿದ್ದು, ಎಲೆ ಕೆಲವು ಗಂಟೆ ಒದ್ದೆಯಾಗಿದ್ದರೆ ಸಾಕು, ಒಂದೆರಡು ವಾರದಲ್ಲಿ ಹಳದಿ ಚುಕ್ಕೆ. ಎಲೆ ಉದುರುತ್ತದೆ, ಹಣ್ಣು ಸಣ್ಣದಾಗುತ್ತದೆ, ಮರುವರ್ಷದ ಹೂಮೊಗ್ಗು ಕಟ್ಟುವುದಿಲ್ಲ. ಯಾರ್ಕ್ ಇಂಪೀರಿಯಲ್ ಈ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ.

ಎರಡು ಮರಗಳಲ್ಲಿ ಒಂದನ್ನು ತೆಗೆದರೆ ರೋಗದ ಚಕ್ರ ಮುರಿಯುತ್ತದೆ. ಆದರೆ ಸೀಡರ್ ಇರುವುದು ಪಕ್ಕದವನ ಹೊಲದಲ್ಲಿ. 1914ರಲ್ಲಿ ವರ್ಜೀನಿಯಾ ಸೀಡರ್ ತುಕ್ಕಿನ ಕಾನೂನು ತಂದಿತು. ಅದರ ಪ್ರಕಾರ ಸೇಬಿನ ತೋಟದ ಹತ್ತಿರ ಇರುವ ಸೀಡರ್ ಸಾರ್ವಜನಿಕ ಉಪದ್ರವ. ಹತ್ತು ಜನ ಭೂಮಾಲೀಕರು ಅರ್ಜಿ ಕೊಟ್ಟರೆ ರಾಜ್ಯದ ಕೀಟಶಾಸ್ತ್ರಜ್ಞ ಬಂದು ನೋಡಿ, ಕಡಿಯಲು ಆಜ್ಞೆ ಮಾಡಬಹುದು. ಶೆನಂಡೋವಾ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಮಿಲ್ಲರ್ ಎಂಬವರಿಗೆ ಈ ಆಜ್ಞೆ ಬಂತು. ಅವರ ಸೀಡರುಗಳು ಮನೆಯ ಅಂದಕ್ಕೆ ಬೆಳೆಸಿದವು. ಕಡಿಯುವ ಖರ್ಚಿಗೆಂದು ಕೋರ್ಟು 100 ಡಾಲರ್ ಕೊಡಿಸಿತು, ಕಡಿದ ಮರ ಅವರೇ ಇಟ್ಟುಕೊಳ್ಳಬಹುದು ಎಂದಿತು. ನಿಂತ ಮರದ ಬೆಲೆ, ಮರ ಹೋದಮೇಲೆ ಜಾಗದ ಬೆಲೆ ಇಳಿದದ್ದು, ಇವಕ್ಕೆ ಏನೂ ಇಲ್ಲ. ವ್ಯಾಜ್ಯ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1928ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಸ್ಟೋನ್ ಬರೆದ ತೀರ್ಪು ರಾಜ್ಯದ ಪರ ಬಂತು. ಸುಮ್ಮನಿದ್ದರೂ ಅದು ಸೇಬು ಸಾಯಲಿ ಎಂದು ಆರಿಸಿದಂತೆಯೇ, ಎರಡರಲ್ಲಿ ಒಂದು ನಾಶವಾಗಲೇಬೇಕಾದಾಗ ಸಾರ್ವಜನಿಕರಿಗೆ ಹೆಚ್ಚು ಬೆಲೆಯದನ್ನು ಉಳಿಸಿಕೊಳ್ಳುವ ಅಧಿಕಾರ ರಾಜ್ಯಕ್ಕಿದೆ ಎಂಬುದು ಅದರ ಸಾರ. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವ ತೀರ್ಪು ಅದು. ಆಗ ಗವರ್ನರ್ ಕುರ್ಚಿಯಲ್ಲಿದ್ದವನು ಬರ್ಡ್. ಹೆಚ್ಚು ಬೆಲೆ ಯಾವುದಕ್ಕೆ ಎಂದು ತೀರ್ಮಾನಿಸುವ ಸಭೆಯಲ್ಲಿ ಸೇಬಿನವರ ದನಿ ಎಷ್ಟು, ಸೀಡರಿನವರ ದನಿ ಎಷ್ಟು ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ.

ಬರ್ಡ್ ರಾಜ್ಯಮಟ್ಟದಲ್ಲಿ ಮೇಲೆ ಬಂದದ್ದು ರಸ್ತೆಯ ವಿಷಯದಲ್ಲಿ. ಹಣ್ಣು ಬೆಳೆಯುವವನಿಗೆ ರಸ್ತೆ ಅಂದರೆ ಜೀವ. ಗುಂಡಿಬಿದ್ದ ದಾರಿಯಲ್ಲಿ ಗಾಡಿ ಕುಲುಕಿದಷ್ಟೂ ಪೀಪಾಯಿಯ ಹಣ್ಣು ಜಜ್ಜುತ್ತದೆ. 1908ರಲ್ಲಿ, ಇಪ್ಪತ್ತೊಂದರ ವಯಸ್ಸಿಗೆ, ವಿಂಚೆಸ್ಟರಿನಿಂದ ಸ್ಟಾಂಟನ್‌ವರೆಗಿನ ತೊಂಬತ್ತು ಮೈಲಿ ಮೀರಿದ ಸುಂಕದ ರಸ್ತೆಯ ಕಂಪನಿಗೆ ಅಧ್ಯಕ್ಷನಾಗಿದ್ದ. ಸಂಬಳ ತಿಂಗಳಿಗೆ 33 ಡಾಲರ್. ಬಂದ ಸುಂಕದಷ್ಟೇ ಜಲ್ಲಿ, ಜಲ್ಲಿಯಷ್ಟೇ ರಸ್ತೆ. 1918ರಲ್ಲಿ ರಾಜ್ಯ ಆ ರಸ್ತೆಯನ್ನು ವಹಿಸಿಕೊಂಡಿತು.

ಅಷ್ಟರಲ್ಲಿ ಕಾರುಗಳು ಹೆಚ್ಚಾದವು. 1923ರಲ್ಲಿ 5 ಕೋಟಿ ಡಾಲರಿನ ಬಾಂಡ್ ಹೊರಡಿಸಿ ಒಂದೇ ಏಟಿಗೆ ರಸ್ತೆ ಮಾಡಿಬಿಡೋಣ ಎಂಬ ಪ್ರಸ್ತಾವ ಜನಮತಕ್ಕೆ ಬಂತು. ಬರ್ಡ್ ಅದನ್ನು ಎದುರಿಸಿದ. ನೂರಕ್ಕೆ ನಾಲ್ಕೂವರೆ ಬಡ್ಡಿ ಅಂದುಕೊಂಡರೂ ವರ್ಷಕ್ಕೆ ಇಪ್ಪತ್ತೆರಡೂವರೆ ಲಕ್ಷ ಡಾಲರ್ ಬಡ್ಡಿಗೇ ಹೋಗುತ್ತದೆ, ಆ ದುಡ್ಡಿಗೆ ಒಂದು ಮೈಲಿ ರಸ್ತೆಯೂ ಬರುವುದಿಲ್ಲ. ಇದರ ಬದಲು ಗ್ಯಾಲನ್ ಪೆಟ್ರೋಲಿಗೆ 3 ಸೆಂಟ್ ತೆರಿಗೆ ಹಾಕಿ, ಬಂದಷ್ಟರಲ್ಲೇ ವರ್ಷವರ್ಷ ಕಟ್ಟುತ್ತ ಹೋಗುವುದು ಆತನ ಗುಂಪಿನ ದಾರಿ. ಹಳ್ಳಿಗಾಡು ಒಪ್ಪಿತು. ಬಾಂಡ್ ಪ್ರಸ್ತಾವ ಸುಮಾರು 46,000 ಮತಗಳಿಂದ ಬಿತ್ತು. ಎರಡು ವರ್ಷಕ್ಕೆ ಬರ್ಡ್ ಗವರ್ನರ್ ಚುನಾವಣೆ ಗೆದ್ದ.

ಗವರ್ನರ್ ಆಗಿ ಮಾಡಿದ್ದರಲ್ಲಿ ಮೆಚ್ಚಬೇಕಾದದ್ದು ಇದೆ. ಒಂದಕ್ಕೊಂದು ಸಂಬಂಧವಿಲ್ಲದೆ ಹರಡಿದ್ದ ನೂರರ ಆಸುಪಾಸಿನ ಕಚೇರಿ, ಮಂಡಳಿಗಳನ್ನು ಹತ್ತು-ಹದಿನಾಲ್ಕು ಇಲಾಖೆಗಳಿಗೆ ಇಳಿಸಿದ. ಖಜಾಂಚಿ, ಶಿಕ್ಷಣ ಅಧೀಕ್ಷಕ, ಕೃಷಿ ಆಯುಕ್ತ ಇವರನ್ನೆಲ್ಲ ಜನ ಆರಿಸುವ ಪದ್ಧತಿ ತಪ್ಪಿಸಿ, ಗವರ್ನರ್, ಉಪಗವರ್ನರ್, ಅಟಾರ್ನಿ ಜನರಲ್ ಮೂವರಿಗೇ ರಾಜ್ಯಮಟ್ಟದ ಚುನಾವಣೆ ಉಳಿಸಿದ. ಕೊರತೆಯಲ್ಲಿದ್ದ ಖಜಾನೆಯನ್ನು ಮಿಗತೆಗೆ ತಂದ. ಗುಂಪುಗೂಡಿ ಕೊಲ್ಲುವುದನ್ನು ರಾಜ್ಯದ ವಿರುದ್ಧದ ಅಪರಾಧ ಎಂದು ಮಾಡಿದ 1928ರ ಕಾನೂನಿಗೂ ಆತನ ರುಜುವೇ ಇದೆ. ಸಾಲಕ್ಕೆ ಕಡಿವಾಣವನ್ನು ರಾಜ್ಯದ ಸಂವಿಧಾನದಲ್ಲೇ ಸೇರಿಸಿದ. ಆತ ಕುರ್ಚಿ ಬಿಟ್ಟಮೇಲೆ, 1932ರಲ್ಲಿ, ಆತನದೇ ಹೆಸರಿನಿಂದ ಕರೆಯುವ ಕಾನೂನಿನಿಂದ ಕೌಂಟಿಗಳ ಹಳ್ಳಿರಸ್ತೆಗಳನ್ನು ರಾಜ್ಯವೇ ವಹಿಸಿಕೊಂಡಿತು. ಬೇಡ ಅಂದವು ನಾಲ್ಕೇ ಕೌಂಟಿ. ಈಗಲೂ ಸ್ವಂತ ರಸ್ತೆ ನೋಡಿಕೊಳ್ಳುವುದು ಆರ್ಲಿಂಗ್ಟನ್ ಮತ್ತು ಹೆನ್ರೈಕೋ ಎರಡೇ.

ಆದರೆ ರಾಜ್ಯ ತೋಟವಲ್ಲ. ಸೇಬಿನ ಮರ ಹತ್ತು ವರ್ಷ ಕಾಯಬಲ್ಲದು, ಆರು ವರ್ಷದ ಮಗು ಶಾಲೆಗೆ ಹತ್ತು ವರ್ಷ ಕಾಯಲಾರದು. ದುಡ್ಡು ಬಂದಷ್ಟೇ ಕೆಲಸ ಎಂಬ ನಿಯಮದಲ್ಲಿ ರಸ್ತೆಗೆ ಪೆಟ್ರೋಲಿನ ತೆರಿಗೆ ಇತ್ತು; ಶಾಲೆಗೆ, ಆಸ್ಪತ್ರೆಗೆ ಅಂಥ ಮೂಲವಿರಲಿಲ್ಲ. ಅವು ದಶಕಗಟ್ಟಲೆ ಹಸಿದೇ ಉಳಿದವು.

ಜನ ಇದನ್ನು ಯಾಕೆ ಸಹಿಸಿದರು ಎಂದು ಕೇಳಬಹುದು. ಜನ ಅಂದರೆ ಯಾರು ಎಂದು ಮೊದಲು ನೋಡಬೇಕು. ರಾಜ್ಯದ 1902ರ ಸಂವಿಧಾನದ ಪ್ರಕಾರ ಮತ ಹಾಕಲು ವರ್ಷಕ್ಕೆ ಒಂದೂವರೆ ಡಾಲರ್ ತಲೆಗಂದಾಯ. ಹಿಂದಿನ ಮೂರು ವರ್ಷದ್ದು ಬಾಕಿಯಿದ್ದರೆ ಸೇರಿಸಿ ನಾಲ್ಕೂವರೆ ಡಾಲರ್ ಕಟ್ಟಬೇಕು, ಅದೂ ಚುನಾವಣೆಗೆ ಆರು ತಿಂಗಳು ಮೊದಲು. ಯಾರು ನಿಂತಿದ್ದಾರೆ ಎಂದೇ ಗೊತ್ತಿಲ್ಲದ ಹೊತ್ತಿನಲ್ಲಿ ಬಡವ ಯಾಕೆ ಕಟ್ಟುತ್ತಾನೆ? ಹೆಸರು ನೋಂದಾಯಿಸಲು ಹೋದರೆ ಅಚ್ಚಾದ ಅರ್ಜಿಯಿಲ್ಲ, ಖಾಲಿ ಹಾಳೆ. ಹೆಸರು, ವಯಸ್ಸು, ಹುಟ್ಟಿದ ದಿನ ಮತ್ತು ಊರು, ವಾಸ, ಕಸುಬು, ಹಿಂದೆ ಮತ ಹಾಕಿದ್ದರೆ ಅದರ ವಿವರ, ಇಷ್ಟನ್ನೂ ಯಾರೂ ಹೇಳಿಕೊಡದೆ ಸ್ವಂತ ಕೈಯಿಂದ ಬರೆಯಬೇಕು. ಒಂದು ಬಿಟ್ಟುಹೋದರೆ ನೋಂದಣಿ ಇಲ್ಲ. ಕಪ್ಪು ಜನರನ್ನು ಹೊರಗಿಡಲು ಮಾಡಿದ ಈ ಬೇಲಿ ಬಡ ಬಿಳಿಯರನ್ನೂ ಹೊರಗಿಟ್ಟಿತು. ಬರ್ಡ್ ಇದ್ದ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ ಗೆದ್ದರೆ ರಾಜ್ಯ ಗೆದ್ದಂತೆ. ಅದರಲ್ಲಿ ಮತ ಹಾಕುತ್ತಿದ್ದವರು ವಯಸ್ಕರಲ್ಲಿ ಹೆಚ್ಚೂಕಮ್ಮಿ ಹತ್ತರಲ್ಲಿ ಒಬ್ಬರು.

ಅಷ್ಟು ಸಣ್ಣ ಮತದಾರರ ಗುಂಪನ್ನು ಹಿಡಿದಿಡಲು ಕೌಂಟಿಯ ಕೋರ್ಟುಮನೆಯ ಐದು ಜನ ಸಾಕಾಗಿತ್ತು: ಷರೀಫ, ಸರ್ಕಾರಿ ವಕೀಲ, ಖಜಾಂಚಿ, ಗುಮಾಸ್ತ, ಕಂದಾಯದ ಅಧಿಕಾರಿ. ಇವರು ಆರಿಸಿ ಬಂದವರೇ, ಆದರೆ 1930ರ ದಶಕದಿಂದ ಇವರ ಸಂಬಳ ನಿಗದಿ ಮಾಡುತ್ತಿದ್ದದ್ದು ರಾಜ್ಯದ ಒಂದು ಮಂಡಳಿ. ಸರ್ಕ್ಯೂಟ್ ನ್ಯಾಯಾಧೀಶರನ್ನು ಶಾಸನಸಭೆ ಆರಿಸುತ್ತಿತ್ತು, ಆ ನ್ಯಾಯಾಧೀಶರು ಚುನಾವಣಾ ಮಂಡಳಿಯನ್ನು ನೇಮಿಸುತ್ತಿದ್ದರು. ಬರ್ಡ್ ಲಂಚ ತಿಂದವನೆಂದು ವಿರೋಧಿಗಳೂ ಹೇಳಲಿಲ್ಲ. ಲಂಚದ ಅಗತ್ಯವೇ ಇಲ್ಲದ ಹಾಗೆ ಯಂತ್ರ ಜೋಡಣೆಯಾಗಿತ್ತು.

1954ರಲ್ಲಿ ಸುಪ್ರೀಂ ಕೋರ್ಟು ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. 1956ರ ಫೆಬ್ರವರಿಯಲ್ಲಿ ಬರ್ಡ್ ಇದಕ್ಕೆ ಭಾರಿ ಪ್ರತಿರೋಧ ಒಡ್ಡಬೇಕೆಂದು ಕರೆ ಕೊಟ್ಟ. ಅದೇ ವರ್ಷ ಶಾಸನಸಭೆ ಮಾಡಿದ ಕಾನೂನುಗಳ ಪ್ರಕಾರ, ಒಂದು ಶಾಲೆಗೆ ಕಪ್ಪು ಮಗು ಸೇರಬೇಕೆಂದು ಕೋರ್ಟು ಆಜ್ಞೆ ಮಾಡಿದರೆ ಆ ಶಾಲೆಗೇ ಬೀಗ. 1958ರ ಸೆಪ್ಟೆಂಬರಿನಲ್ಲಿ ಮೊದಲ ಬೀಗ ಬಿದ್ದದ್ದು ಫ್ರಂಟ್ ರಾಯಲ್ ಪೇಟೆಯ ವಾರೆನ್ ಕೌಂಟಿ ಹೈಸ್ಕೂಲಿಗೆ. ಅದು ಸೇಬಿನ ಕಣಿವೆಯಲ್ಲೇ, ಬರ್ಡ್ ಮನೆಯಿದ್ದ ಬೆರಿವಿಲ್‌ನಿಂದ ದೂರವಲ್ಲದ ಊರು. ಆ ಕೌಂಟಿಯಲ್ಲಿ ಕಪ್ಪು ಮಕ್ಕಳಿಗೆ ಹೈಸ್ಕೂಲೇ ಇರಲಿಲ್ಲ, ಬೇರೆ ಕೌಂಟಿಗೆ ಹೋಗಬೇಕಿತ್ತು. ಬಳಿಕ ಷಾರ್ಲಟ್ಸ್‌ವಿಲ್, ನಾರ್ಫಕ್. ನಾರ್ಫಕ್ ಒಂದರಲ್ಲೇ ಸುಮಾರು 10,000 ಮಕ್ಕಳು ಬೀದಿಗೆ ಬಿದ್ದರು. 1959ರ ಜನವರಿ 19ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ, ಫೆಡರಲ್ ನ್ಯಾಯಾಲಯ ಎರಡೂ ಒಂದೇ ದಿನ ಈ ಕಾನೂನುಗಳನ್ನು ಹೊಡೆದುಹಾಕಿದವು. ಪ್ರಿನ್ಸ್ ಎಡ್ವರ್ಡ್ ಕೌಂಟಿ ಮಾತ್ರ ಶಾಲೆಗಳಿಗೆ ದುಡ್ಡನ್ನೇ ಇಡದೆ 1959ರಿಂದ 1964ರವರೆಗೆ ಎಲ್ಲ ಸರ್ಕಾರಿ ಶಾಲೆಗಳನ್ನು ಮುಚ್ಚಿಟ್ಟಿತು. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳ ಐದು ವರ್ಷ ಹೋಯಿತು. ಆ ಐದು ವರ್ಷವನ್ನು ಯಾವ ಮಿಗತೆಯ ಖಜಾನೆಯೂ ತುಂಬಿಕೊಡಲಿಲ್ಲ.

ಬರ್ಡ್ 1965ರ ನವೆಂಬರಿನಲ್ಲಿ ಸೆನೆಟ್ ಬಿಟ್ಟ. 1966ರ ಮಾರ್ಚಿನಲ್ಲಿ, ವರ್ಜೀನಿಯಾದಿಂದಲೇ ಬಂದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ರಾಜ್ಯ ಚುನಾವಣೆಗಳ ತಲೆಗಂದಾಯವನ್ನು ರದ್ದು ಮಾಡಿತು. ಅಕ್ಟೋಬರಿನಲ್ಲಿ ಬರ್ಡ್ ತೀರಿಕೊಂಡ. ರಿಚ್ಮಂಡಿನ ಶಾಸನಭವನದ ಆವರಣದಲ್ಲಿ 1976ರಲ್ಲಿ ನಿಲ್ಲಿಸಿದ್ದ ಪ್ರತಿಮೆಯನ್ನು 2021ರ ಜುಲೈಯಲ್ಲಿ ತೆಗೆದರು.

ಈ ವಿಷಯ ಹೇಳಿದಾಗಲೆಲ್ಲ ಬೆಳೆಗಾರರು ಕೇಳುವ ಒಂದು ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತೇವೆ: ಅಷ್ಟು ಸೀಡರ್ ಕಡಿದರಲ್ಲ, ತುಕ್ಕು ಹೋಯಿತೇ? ಕಡಿಮೆಯಾಯಿತು, ಹೋಗಲಿಲ್ಲ. ಬೀಜಕಗಳು ಎರಡು ಮೈಲಿಯಾಚೆಯಿಂದಲೂ ಬರಬಲ್ಲವು. ಆದರೆ ಜೋರು ಸೋಂಕು ಬರುವುದು ತೋಟದ ಅಂಚಿನ ಕೆಲವು ನೂರು ಮೀಟರಿನೊಳಗಿನ ಮರಗಳಿಂದ. 1940ರ ದಶಕದಲ್ಲಿ ಫರ್ಬಾಮ್ ಎಂಬ ಔಷಧಿ ಬಂತು, ಪಕ್ಕದವನ ಮರಕ್ಕೆ ಕೊಡಲಿ ಹಾಕುವ ಅಗತ್ಯವೇ ಕಡಿಮೆಯಾಯಿತು. ಈಗ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಶುರುಮಾಡಿ, ಎಸಳು ಉದುರಿ ಕೆಲವು ವಾರದವರೆಗೆ, ಏಳರಿಂದ ಹತ್ತು ದಿನಕ್ಕೊಮ್ಮೆ ಶಿಲೀಂಧ್ರನಾಶಕ ಹೊಡೆಯುತ್ತಾರೆ. ಮಳೆ ಹೆಚ್ಚಿದ್ದರೆ ಅಂತರ ಇನ್ನೂ ಕಡಿಮೆ. ಹೊಸದಾಗಿ ನೆಡುವವರು ರೋಗ ತಡೆಯುವ ತಳಿಯನ್ನೇ ಆರಿಸುತ್ತಾರೆ. ಡೆಲಿಷಿಯಸ್, ವೈನ್‌ಸ್ಯಾಪ್ ಈ ತುಕ್ಕಿಗೆ ಸುಲಭಕ್ಕೆ ಬಗ್ಗುವುದಿಲ್ಲ.